ಪೆಟ್ಟಿಗೆಯಲ್ಲಿ ಗಾಳಿ ಇರಬಾರದು

ಫೆಬ್ರವರಿ 11, ಮಂಗಳವಾರ

ಬನ್ನಿ ಮಹಾಜನಗಳೇ, ಬನ್ನಿ. ಮುಂದಿನ ಸಾಲಿನವರು ಕೂತುಕೊಳ್ಳಿ, ಹಿಂದಿನವರು ಕತ್ತು ಚಾಚಬೇಡಿ. ನನ್ನ ದನಿ ಕೊನೆಯ ಬೆಂಚನ್ನು ದಾಟಿ ಬೀದಿಗೆ ಬೀಳುವಂಥದ್ದು. ಅಳುವ ಮಗುವಿದ್ದರೆ ಎತ್ತಿಕೊಂಡು ಆಚೆ ಹೋಗಿ. ಪರದೆ ಏಳುತ್ತಿದೆ.

ಈ ನೋಟ್‌ಬುಕ್ಕನ್ನು ಓದುವವನು ನಾನೊಬ್ಬನೇ ಎಂಬುದು ನನಗೂ ಗೊತ್ತು. ಆದರೆ ಎಂಟನೆಯ ವಯಸ್ಸಿನಿಂದ ನಾಟಕದ ಕಂಪನಿಯಲ್ಲಿ ಬೆಳೆದವನು ನಾನು. ಎದುರಿಗೆ ನಾನೂರು ಜನ ಕೂತಿದ್ದಾರೆ ಅಂದುಕೊಳ್ಳದೆ ನನಗೆ ಪೆನ್ನು ಹಿಡಿಯುವುದಕ್ಕೂ ಬರುವುದಿಲ್ಲ.

ಸಮಾಚಾರ ಏನೆಂದರೆ, ಪ್ರವಾಸಿ ಹಡಗಿನವರು ನನ್ನನ್ನು ಕರೆದಿದ್ದಾರೆ. ಏಳು ಸಂಜೆ, ಏಳು ಕಥೆ, ವೇಷಭೂಷಣ ಸಮೇತ. ಹೆಂಡತಿಯನ್ನೂ ಕರೆತರಬಹುದು. ಸಮುದ್ರದ ಕಡೆಗೆ ಕಿಟಕಿಯಿರುವ ಕೋಣೆ. ಇಪ್ಪತ್ತನಾಲ್ಕರ ಸಂಜೆ ಐದಕ್ಕೆ ಹಡಗು ಹೊರಡುತ್ತದೆ. ಬಂದರಿಗೆ ಎರಡು ದಿನಕ್ಕೂ ಮಿಕ್ಕ ರಸ್ತೆ. ಕಂಪನಿ ಮುಚ್ಚಿ ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷದಿಂದ ನಿವೃತ್ತರ ಸಂಘದಲ್ಲಿ, ನಿದ್ದೆ ತೂಗುವ ಮುದುಕರ ಮುಂದೆ ಗರ್ಜಿಸಿ ಬಂದ ಈ ಗಂಟಲಿಗೆ ಮತ್ತೆ ರಂಗ ಸಿಕ್ಕಿತು.

ಈಗ ಖಳನ ಪ್ರವೇಶ. ಇವಳು, ನನ್ನ ಹೆಂಡತಿ, ಕಂಪನಿಯ ಬಟ್ಟೆ ಪೆಟ್ಟಿಗೆಗಳ ಯಜಮಾನಿಯಾಗಿದ್ದವಳು. ಇಪ್ಪತ್ತೆರಡು ಟ್ರಂಕನ್ನು ಒಂದು ಲಾರಿಗೆ ಏರಿಸಿ, ಮೇಲೊಂದು ಚಾಪೆ ಹಾಸಿ ಕೂತು ಊರೂರು ತಿರುಗಿದವಳು. ಹದಿನಾಲ್ಕು ತಿಂಗಳ ಹಿಂದೆ ಇವಳ ಮೂತ್ರಪಿಂಡಗಳು ಎರಡೂ ಕೈಕೊಟ್ಟವು. ಅಂದಿನಿಂದ ಮನೆಯಲ್ಲೇ ಡಯಾಲಿಸಿಸ್. ಹೊಟ್ಟೆಯ ಪಕ್ಕದಲ್ಲಿ ಒಂದು ಸಣ್ಣ ಕೊಳವೆ. ದಿನಕ್ಕೆ ನಾಲ್ಕು ಸಲ, ಎರಡು ಲೀಟರಿನ ಒಂದು ಚೀಲ ಔಷಧದ ನೀರು ಅದರಿಂದ ಒಳಗೆ ಹೋಗಬೇಕು, ಒಳಗಿದ್ದ ಹಳೆಯ ನೀರು ಹೊರಗೆ ಬರಬೇಕು. ಒಂದು ಹೊತ್ತು ತಪ್ಪಿಸುವಂತಿಲ್ಲ, ಒಂದು ಕ್ರಿಮಿ ಒಳಗೆ ಹೋಗುವಂತಿಲ್ಲ. ಮೂರು ದಿನದ ರಸ್ತೆಗೆ ಹನ್ನೆರಡು ಚೀಲ, ಏಳು ದಿನದ ಹಡಗಿಗೆ ಇಪ್ಪತ್ತೆಂಟು, ಮೇಲೆ ಐದು ಹೆಚ್ಚಿನವು. ಒಟ್ಟು ನಲವತ್ತೈದು. ರಟ್ಟಿನ ಡಬ್ಬಕ್ಕೆ ಐದರಂತೆ ಒಂಬತ್ತು ಡಬ್ಬ. ಒಂದೊಂದೂ ಕಲ್ಲು. ವಾಪಸು ಬರುವ ದಾರಿಗೆ ಬೇಕಾದದ್ದನ್ನು ಔಷಧದವರು ಬಂದರಿಗೇ ತಲುಪಿಸುತ್ತಾರಂತೆ. ಹೋಗುವಾಗಿನದು ನಮ್ಮ ತಲೆಯ ಮೇಲೆ.

"ಹಡಗು ಮುಳುಗಿದ್ರೆ ನನ್ನ ನೀರಿನಿಂದಲೇ ಮುಳುಗುತ್ತೆ ನೋಡಿ" ಅಂದಳು ಇವಳು.

ಫೆಬ್ರವರಿ 13, ಗುರುವಾರ

ಡಯಾಲಿಸಿಸ್ ನರ್ಸಮ್ಮ ಮನೆಗೆ ಬಂದಿದ್ದಳು. ಮೂವತ್ತರ ಹುಡುಗಿ, ಮಾತಿನಲ್ಲಿ ಹೆಡ್‌ಮಾಸ್ತರು. ನನ್ನ ಹೆಂಡತಿಯ ಕಣ್ಣಿಗೆ ಪೊರೆ ಬಂದಿರುವುದರಿಂದ ಚೀಲ ಪರೀಕ್ಷಿಸುವ ಕೆಲಸ ನನ್ನದು. ಐದು ಮಾತು. ತಾರೀಖು ನೋಡು. ಔಷಧದ ಪ್ರಮಾಣ ನೋಡು. ಅಳತೆ ನೋಡು. ನೀರು ತಿಳಿಯಾಗಿದೆಯೇ ನೋಡು. ಚೀಲವನ್ನು ಎರಡೂ ಅಂಗೈಯಲ್ಲಿ ಗಟ್ಟಿಯಾಗಿ ಹಿಸುಕು, ಒಂದು ಹನಿಯಾದರೂ ಸೋರುತ್ತದೆಯೇ ನೋಡು.

ನಾನು ಸುಮ್ಮನೆ ಹೇಳುವವನೇ? ಆ ಐದನ್ನೂ ಸಂಭಾಷಣೆ ಮಾಡಿಕೊಂಡಿದ್ದೇನೆ. ದಿನಕ್ಕೆ ನಾಲ್ಕು ಸಲ ನಡುಮನೆಯಲ್ಲಿ ನಿಂತು, ಚೀಲವನ್ನು ಶತ್ರುವಿನ ತಲೆಯಂತೆ ಎತ್ತಿ ಹಿಡಿದು, "ತಾರೀಖು ಕ್ಷೇಮ. ಪ್ರಮಾಣ ಕ್ಷೇಮ. ಅಳತೆ ಕ್ಷೇಮ. ಜಲವು ನಿರ್ಮಲ. ಸೋರಿಕೆ, ಇಲ್ಲ, ಇಲ್ಲ, ಇಲ್ಲ" ಎಂದು ಮೂರು ಸ್ಥಾಯಿಯಲ್ಲಿ ಇಳಿಸುತ್ತೇನೆ. ಇವಳು ಮಾಸ್ಕಿನ ಹಿಂದೆ ನಗುತ್ತಾಳೆ. ನರ್ಸಮ್ಮನ ಎದುರಿಗೂ ಮಾಡಿ ತೋರಿಸಿದೆ.

"ಚೆನ್ನಾಗಿದೆ ಸರ್. ಆದ್ರೆ ಹೇಳೋದು ಒಂದು, ನೋಡೋದು ಒಂದು" ಅಂದಳು ನರ್ಸಮ್ಮ.

"ನಲವತ್ತೆಂಟು ವರ್ಷ ರಂಗದ ಮೇಲೆ ಒಂದು ಮಾತು ತಪ್ಪಿದವನಲ್ಲ ಅಮ್ಮ."

"ಮಾತು ತಪ್ಪಲಿ ಸರ್, ಪರವಾಗಿಲ್ಲ."

ಹೊರಗೆ ಬಂದ ನೀರನ್ನು ನೋಡುವ ರೀತಿಯನ್ನೂ ಮತ್ತೊಮ್ಮೆ ಹೇಳಿಹೋದಳು. ತುಂಬಿದ ಚೀಲವನ್ನು ಅಚ್ಚಾದ ಕಾಗದದ ಮೇಲಿಡಬೇಕು. ನೀರಿನ ಮೂಲಕ ಅಕ್ಷರ ಓದಲು ಬಂದರೆ ಸರಿ. ಮಸುಕಾದರೆ ಒಳಗೆ ಸೋಂಕು. ಆ ಗಳಿಗೆಯೇ ಆಸ್ಪತ್ರೆ. ಡಬ್ಬಗಳನ್ನು ಬಿಸಿಲಿಗೆ ಇಡಬಾರದು, ಬೇಕಾಗುವ ತನಕ ಒಡೆಯಬಾರದು. "ರಟ್ಟು ಇರೋದು ಅಂದಕ್ಕಲ್ಲ ಸರ್" ಅಂತಲೂ ಅಂದಳು. ಮಾತಿಗೆ ಒಂದು ಸರ್.

ಫೆಬ್ರವರಿ 16, ಭಾನುವಾರ

ಮಹಾಜನಗಳೇ, ರಾಜನ ಮಖಮಲ್ಲು ನಿಲುವಂಗಿ ನನಗೆ ದೊಡ್ಡದಾಗಿದೆ. ಒಂಬತ್ತು ವರ್ಷದಲ್ಲಿ ರಾಜ ಬತ್ತಿಹೋಗಿದ್ದಾನೆ. ಇವಳು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಎರಡೂ ಪಕ್ಕ ಹಿಡಿದಳು. ಕಣ್ಣಿಗಿಂತ ಬೆರಳನ್ನೇ ನೆಚ್ಚಿದ ಕೆಲಸ. ಅರ್ಧ ಗಂಟೆಗೆ ಸುಸ್ತಾಗಿ ಮಂಚಕ್ಕೆ ಹೋದಳು.

"ಹೊಲಿಗೆ ಹಡಗಿನಲ್ಲಿ ಹಾಕ್ತೀನಿ. ಈಗ ಬರೀ ಪಿನ್ನು. ಹುಷಾರಾಗಿ ಮಡಿಸಿಡಿ."

ನಿಜವಾಗಿ ಬರಬೇಕೆಂದಿದೆಯಾ ಅಂತ ಕೇಳಿದೆ. ನನಗಾಗಿ ಬರುತ್ತಿದ್ದರೆ ಬೇಡ ಅಂದೆ. ಅದು ಒಳ್ಳೆಯ ಮಾತು, ಒಳ್ಳೆಯ ದನಿಯಲ್ಲೇ ಹೇಳಿದೆ.

"ನಿಮಗಾಗಿ ಯಾಕೆ ಬರ್ಲಿ? ನಿಮ್ಮ ಕಥೆ ನಂಗೆ ಬಾಯಿಪಾಠ ಇದೆ. ಜೀವಮಾನದಲ್ಲಿ ಒಂದು ಸಲ ಬೇರೆ ಯಾರಾದ್ರೂ ನನ್ನ ಸಾಮಾನು ಎತ್ತಬೇಕು ರೀ. ನಾನು ಕುರ್ಚಿ ಮೇಲೆ ಕೂತು, ಜೋಪಾನ ಕಣಪ್ಪ ಅನ್ನಬೇಕು. ಅಷ್ಟೇ."

ಫೆಬ್ರವರಿ 19, ಬುಧವಾರ

ಭಾಮೈದ ಕಾರು ತಂದ. ಇವನು ಡ್ರೈವಿಂಗ್ ಶಾಲೆ ನಡೆಸುವವನು. ಕಲಿಯುವವರು ಇಟ್ಟ ಹೆಸರು ಬ್ರೇಕ್ ಮಾಸ್ತರ. ಕಾರಿನ ಎಡಗಡೆ ಸೀಟಿಗೂ ಬ್ರೇಕು, ಕ್ಲಚ್ಚು ಇವೆ. ಇವಳು ಹೋಗಿ ಅಲ್ಲಿ ಕೂತು, ಕಾಲಿಟ್ಟು ನೋಡಿದಳು.

"ಅಕ್ಕ, ಅದನ್ನ ತುಳಿಬೇಡ. ನಡುರಸ್ತೇಲಿ ನಿಂತುಬಿಡ್ತೀವಿ."

"ಮೂವತ್ತೆಂಟು ವರ್ಷದಿಂದ ನಿಮ್ಮ ಭಾವನ ಪಕ್ಕ ಕೂತಿದ್ದೀನಿ. ಇಂಥದ್ದೊಂದು ಅಲ್ಲೇ ಬೇಕಾಗಿತ್ತು ಕಣೋ."

ಆಮೇಲೆ ಸಾಮಾನು ಏರಿಸುವ ತಾಲೀಮು. ಡಿಕ್ಕಿಯಲ್ಲಿ ಆರು ಡಬ್ಬ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಮೂರು, ಬಟ್ಟೆ ಚೀಲ ಕಾಲಡಿ. ಹೀಗೆ ಇಟ್ಟರೆ ಎಲ್ಲವೂ ಹಿಡಿಯುತ್ತದೆ, ನನ್ನ ಟ್ರಂಕು ಮಾತ್ರ ಅಂಗಳದಲ್ಲಿ ಉಳಿಯುತ್ತದೆ. ಟ್ರಂಕನ್ನು ಡಿಕ್ಕಿಗೆ ಇಟ್ಟರೆ ಅದರ ಪಕ್ಕ ಎರಡೇ ಡಬ್ಬ. ನಾಲ್ಕು ಡಬ್ಬ, ಅಂದರೆ ಇಪ್ಪತ್ತು ಚೀಲ, ಅನಾಥ. ಮೇಲೆ ಕ್ಯಾರಿಯರ್ ಹಾಕೋಣ ಅಂದರೆ ಬಿಸಿಲು. ಉದ್ದ ಇಟ್ಟೆವು, ಅಡ್ಡ ಇಟ್ಟೆವು, ನಿಲ್ಲಿಸಿ ನೋಡಿದೆವು. ಬ್ರೇಕ್ ಮಾಸ್ತರನ ಸೊಂಟ ಹಿಡಿದುಕೊಂಡಿತು.

"ಟ್ರಂಕು ಬಿಟ್ಟುಬಿಡಿ ಭಾವ. ಪ್ಯಾಂಟು ಶರಟಲ್ಲೇ ಕಥೆ ಹೇಳಿ. ಹಡಗಿನವರಿಗೆ ಏನು ಗೊತ್ತಾಗುತ್ತೆ?"

ಕಿರೀಟವಿಲ್ಲದ ರಾಜ, ಜಟೆಯಿಲ್ಲದ ಋಷಿ. ಪ್ಯಾಂಟು ಶರಟು.

ಫೆಬ್ರವರಿ 20, ಗುರುವಾರ

ಊಟ ಬೇಡ ಅಂದೆ. ಇವಳು ಎರಡು ಸಲ ಕರೆದಳು. ಮೂರನೆಯ ಸಲ ಬಾಗಿಲಲ್ಲಿ ನಿಂತು, "ಏನಾದ್ರೂ ದಾರಿ ಮಾಡಿ ತಗೊಂಡು ಬನ್ನಿ ಮಾರಾಯರೇ. ಈ ಮುಖ ನೋಡಿಕೊಂಡು ನನ್ನಿಂದ ಸಮುದ್ರ ನೋಡೋಕಾಗಲ್ಲ" ಅಂದಳು.

ಊಟ ಮಾಡಿದೆ.

ಫೆಬ್ರವರಿ 21, ಶುಕ್ರವಾರ

ಕೇಳಿರಿ, ಕೇಳಿರಿ. ಸಮಸ್ಯೆ ಬಗೆಹರಿಯಿತು, ಬಗೆಹರಿಸಿದವನು ನಾನು.

ಪೆಟ್ಟಿಗೆಯಲ್ಲಿ ಗಾಳಿ ಇರಬಾರದು ಎಂಬುದು ಕಂಪನಿಯಲ್ಲಿ ಇವಳೇ ಹಾಕಿದ ಕಾನೂನು. ಕಿರೀಟದ ಹೊಟ್ಟೆಗೆ ಗೆಜ್ಜೆ, ಬೂಟಿನೊಳಗೆ ಮೀಸೆಯ ಡಬ್ಬಿ, ತಂಬೂರಿಯ ಬುರುಡೆಯ ಸುತ್ತ ರಾಣಿಯ ಸೆರಗು. ಒಂದು ಅಂಗುಲ ಖಾಲಿ ಬಿಟ್ಟರೆ ಲಾರಿಯ ಕುಲುಕಾಟಕ್ಕೆ ಸಾಮಾನು ಒಂದನ್ನೊಂದು ತಿನ್ನುತ್ತದೆ. ಈ ಬೆಳಗ್ಗೆ ಒಂದು ರಟ್ಟಿನ ಡಬ್ಬ ಬಿಚ್ಚಿ ನೋಡಿದರೆ, ಮೂಲೆಮೂಲೆಯಲ್ಲೂ ಗಾಳಿ. ಕಾಲು ಭಾಗ ಗಾಳಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದೆವು.

ಇವಳು ಮಧ್ಯಾಹ್ನ ಮಲಗಿದ್ದಳು. ನಾಲ್ಕು ಡಬ್ಬ ಒಡೆದೆ. ಇಪ್ಪತ್ತು ಚೀಲವನ್ನೂ ಟ್ರಂಕಿಗೆ ಇಳಿಸಿದೆ. ತಳದಲ್ಲಿ ಋಷಿಯ ಕಾವಿ, ಮೇಲೆ ಒಂದು ಸಾಲು ಚೀಲ, ನಡುವೆ ಸಂದು ಬಿಡದಂತೆ ಸೈನಿಕರ ಪೇಟ, ಮತ್ತೊಂದು ಸಾಲು. ಮೇಲಿನ ಸಾಲಿಗೆ ಏಟು ಬೀಳಬಾರದೆಂದು ರಾಜನ ಮಖಮಲ್ಲನ್ನೇ ಸುತ್ತಿ, ಮಗುವಿಗೆ ಹೊದಿಸುವಂತೆ ಎಲ್ಲ ಕಡೆ ತುರುಕಿದೆ. ಮುಚ್ಚಳ ಹಾಕಿ ಅದರ ಮೇಲೆ ಕೂತೆ. ಚಿಲಕ ಬಿತ್ತು. ಅಲುಗಾಡಿಸಿ ನೋಡಿದರೆ ಒಳಗೆ ಸದ್ದೇ ಇಲ್ಲ.

ಇವಳು ಎದ್ದು ಬಂದು ಟ್ರಂಕಿನ ಮೇಲೆ ಬಡಿದು ನೋಡಿದಳು. ಕಂಪನಿಯಲ್ಲಿ ಹಾಗೆಯೇ ಬಡಿದು ನೋಡುತ್ತಿದ್ದದ್ದು.

"ಗಾಳಿ ಇಲ್ಲ" ಅಂದಳು.

ಅವಳ ಬಾಯಿಂದ ಆ ಮಾತು ಬರಬೇಕಾದರೆ ಎಷ್ಟು ಜನ ಹೆಣಗಿದ್ದಾರೆ ಎಂದು ಬಲ್ಲವರೇ ಬಲ್ಲರು.

ಫೆಬ್ರವರಿ 22, ಶನಿವಾರ

ಮೊದಲ ದಿನದ ಪ್ರಯಾಣ ಮುಗಿಯಿತು. ಹೆದ್ದಾರಿ ಪಕ್ಕದ ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಬೆಳಕಿದೆ.

ಮಧ್ಯಾಹ್ನದ ಚೀಲವನ್ನು ಕಾರಿನಲ್ಲೇ ಮುಗಿಸಿದೆವು. ಮರದ ನೆರಳಲ್ಲಿ ನಿಲ್ಲಿಸಿ, ಗಾಜು ಏರಿಸಿ, ಬಾಗಿಲ ಮೇಲಿನ ಹಿಡಿಕೆಗೆ ತೂಗುಹಾಕಿ. ಬ್ರೇಕ್ ಮಾಸ್ತರ ಹೊರಗೆ ಕಾವಲು ನಿಂತ. ಸೆಕೆಗೆ ಇವಳ ಹಣೆಯಿಂದ ಬೆವರು ಇಳಿಯಿತು. ಆ ಚೀಲ ಸೀಟಿನ ಮೇಲಿದ್ದ ಡಬ್ಬದ್ದು.

ಸಂಜೆಯದು ಟ್ರಂಕಿನದು. ಟ್ರಂಕನ್ನು ವಾಹನದಲ್ಲಿ ಬಿಟ್ಟು ಮಲಗುವ ನಟ ಇನ್ನೂ ಹುಟ್ಟಿಲ್ಲ, ಹಾಗಾಗಿ ಅದನ್ನು ಕೋಣೆಗೆ ಹೊರಿಸಿದೆ. ಡಬ್ಬ ಕಾರಿನಲ್ಲೇ ಉಳಿದವು. ಒಡೆದ ಚೀಲಗಳು ಮೊದಲು ಖರ್ಚಾಗಲಿ ಎಂಬುದೂ ಇತ್ತು. ಇವಳು ಕೈ ತೊಳೆದು, ಮಾಸ್ಕ್ ಹಾಕಿ, ಕುರ್ಚಿಯಲ್ಲಿ ಕೂತಳು. ನಾನು ಮಖಮಲ್ಲನ್ನು ಬಿಡಿಸಿ ಒಂದು ಚೀಲ ತೆಗೆದೆ. ಅಷ್ಟರಲ್ಲಿ ಕೋಣೆ ಗುಡಿಸುವ ಹೆಂಗಸು ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಳು. ಮಖಮಲ್ಲು, ಕಿರೀಟ ಕಂಡು ಅವಳ ಬಾಯಿ ತೆರೆದೇ ಇತ್ತು. ಅವಳ ಹಿಂದೆ ಇನ್ನೂ ಇಬ್ಬರು ಬಂದರು.

ಮೂರು ಜನ. ಮೂರಾದರೇನು, ಸಭೆ ಸಭೆಯೇ. ಚೀಲವನ್ನು ಎತ್ತಿ ಹಿಡಿದೆ. ತಾರೀಖು ಕ್ಷೇಮ. ಪ್ರಮಾಣ ಕ್ಷೇಮ. ದನಿ ಆ ಸಣ್ಣ ಕೋಣೆಯ ಗೋಡೆಗೆ ಬಡಿದು ತಿರುಗಿ ಬಂತು. ಸೋರಿಕೆ ಇಲ್ಲ, ಇಲ್ಲ, ಇಲ್ಲ. ಅವರು ಚಪ್ಪಾಳೆ ತಟ್ಟಿದರು. ಇವಳು ನಗಲಿಲ್ಲ, ನನ್ನ ಕೈಯಿಂದ ಚೀಲ ತೆಗೆದುಕೊಂಡು, ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. "ಬಾಗಿಲು ಹಾಕಿಕೊಳ್ಳಿ" ಅಂದಳು.

ಮೇಲಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೊಂಚ ತೇವವಿತ್ತು. ಸೆಕೆಗೆ ಚೀಲವೂ ಬೆವರುತ್ತದೆ.

ಫೆಬ್ರವರಿ 23, ಭಾನುವಾರ

ಬೆಳಗ್ಗೆ ಟ್ರಂಕು ಮುಚ್ಚುವಾಗ ನಿಲುವಂಗಿಯನ್ನು ಸರಿಯಾಗಿ ಮಡಿಸೋಣವೆಂದು ಎತ್ತಿದೆ. ಒಂದು ಪಕ್ಕವೆಲ್ಲ ಒದ್ದೆ. ಬೆರಳಿಗೆ ಚುಚ್ಚಿತು. ಎರಡೂ ಪಕ್ಕ ಸಾಲಾಗಿ ಗುಂಡುಪಿನ್ನು. ಕೆಲವು ಮೊನೆ ಒಳಗೆ, ಕೆಲವು ಮೊನೆ ಹೊರಗೆ.

ಇವಳು ಕೆಳಗೆ ಕಾರಿನಲ್ಲಿ ಕೂತಾಗಿತ್ತು. ಒಂದೊಂದೇ ಚೀಲ ಹಿಸುಕಿ ನೋಡಿದೆ, ಎರಡೂ ಅಂಗೈಯಲ್ಲಿ. ಮೂರರಿಂದ ಹನಿ ಬಂತು. ಸೂಜಿಯ ಮೊನೆಯಷ್ಟೇ ತೂತು, ಕಣ್ಣಿಗೆ ಕಾಣುವುದಿಲ್ಲ. ಮೂರನ್ನೂ ಬಚ್ಚಲಲ್ಲಿ ಕತ್ತರಿಸಿ ಸುರಿದು, ಖಾಲಿ ಪ್ಲಾಸ್ಟಿಕ್ಕನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿದೆ. ಹೆಚ್ಚಿನವು ಐದು ಇದ್ದವು. ಲೆಕ್ಕಕ್ಕೆ ತೊಂದರೆಯಿಲ್ಲ.

ನಿನ್ನೆ ಸಂಜೆಯದು ಹೇಗಿತ್ತೋ. ರಾತ್ರಿ ಮಲಗುವ ಮುಂಚಿನದೂ, ಈ ಬೆಳಗಿನದೂ ಅದೇ ಸಾಲಿನವು.

ಬ್ರೇಕ್ ಮಾಸ್ತರ ತನ್ನ ಶಿಷ್ಯರ ಕಥೆ ಹೇಳಿದ. ಒಬ್ಬಳು ಏಳು ಸಲ ಪರೀಕ್ಷೆಯಲ್ಲಿ ಬಿದ್ದು, ಎಂಟನೆಯ ಸಲ ಪರೀಕ್ಷೆ ಮಾಡುವವನನ್ನೇ ಮದುವೆಯಾದಳಂತೆ. ನಾನು ನಕ್ಕೆ. ಇವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ನೋವಾ?"

"ಸೀಟು ಗಟ್ಟಿ. ಅಷ್ಟೇ."

ಮಧ್ಯಾಹ್ನದಿಂದ ಎಲ್ಲ ಚೀಲವೂ ಡಬ್ಬದಿಂದಲೇ ಕೊಟ್ಟೆ. ಎಲ್ಲವನ್ನೂ ಹಿಸುಕಿ ಕೊಟ್ಟೆ. ಸಂಭಾಷಣೆ ಹೇಳಲಿಲ್ಲ. ಯಾಕೆ ಅಂತ ಅವಳೂ ಕೇಳಲಿಲ್ಲ.

ಫೆಬ್ರವರಿ 24, ಸೋಮವಾರ

ಬೆಳಗ್ಗೆ ಆರೂವರೆಗೆ ಹೊರಗೆ ಬಂದ ಚೀಲವನ್ನು ವಸತಿಗೃಹದ ನಿಯಮಗಳ ಅಚ್ಚಾದ ಹಾಳೆಯ ಮೇಲಿಟ್ಟೆ. ಅಕ್ಷರ ಕಾಣಲಿಲ್ಲ. ಕಿಟಕಿಯ ಹತ್ತಿರ ಒಯ್ದೆ. ಸಾಲು ಇದೆ ಎಂದು ಗೊತ್ತಾಗುತ್ತದೆ, ಓದಲು ಬರುವುದಿಲ್ಲ.

"ತಿಳಿ ಇದೆಯಾ ರೀ?"

ನಲವತ್ತೆಂಟು ವರ್ಷದಲ್ಲಿ ಅಷ್ಟು ಸಹಜವಾಗಿ ಯಾವ ಮಾತನ್ನೂ ಹೇಳಿದ್ದಿಲ್ಲ. "ಇದೆ" ಅಂದೆ.

ಹಡಗಿನಲ್ಲಿ ಡಾಕ್ಟರ್ ಇರುತ್ತಾನೆ, ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಅಂದುಕೊಂಡೆ. ಹಡಗು ಹೊರಡಲು ಇನ್ನು ಹತ್ತೂವರೆ ಗಂಟೆಯಷ್ಟೇ ಅಂದುಕೊಂಡೆ. ಅಂದುಕೊಂಡದ್ದನ್ನೆಲ್ಲ ಬರೆಯುತ್ತಾ ಹೋದರೆ ನೋಟ್‌ಬುಕ್ಕು ಸಾಲದು.

ಬಂದರಿನಲ್ಲಿ ಹನ್ನೊಂದಕ್ಕೆ ಸಾಮಾನು ಒಪ್ಪಿಸಿದೆವು. ಸಮವಸ್ತ್ರದ ಇಬ್ಬರು ಟ್ರಂಕಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ, ಗಾಡಿಗೆ ಏರಿಸಿದರು. ಇವಳು ಗಾಲಿಕುರ್ಚಿಯಲ್ಲಿ ಕೂತಿದ್ದಳು. ಮುಖ ಬಿಳುಚಿತ್ತು. ಆದರೂ ಅವರಲ್ಲಿ ಚಿಕ್ಕವನನ್ನು ನೋಡಿ, ಮೆಲ್ಲಗೆ, "ಜೋಪಾನ ಕಣಪ್ಪ" ಅಂದಳು.

ಅವನು "ಆಗಲಿ ಅಮ್ಮ" ಅಂದ.

ಟಿಕೆಟ್ ನೋಡುವ ಸಾಲಿನಲ್ಲಿ, ಹನ್ನೆರಡೂವರೆಗೆ, ಚಳಿ ಚಳಿ ಅಂದಳು. ಹಲ್ಲು ಕಟಕಟ ಅನ್ನತೊಡಗಿತು. ಭಾಮೈದ ತನ್ನ ಶರಟು ಬಿಚ್ಚಿ ಹೊದಿಸಿದ. ಹಣೆ ಮುಟ್ಟಿ ನನ್ನ ಕಡೆ ನೋಡಿದ. "ಭಾವ, ಸುಡ್ತಾ ಇದೆ."

ಹಡಗಿನ ಡಾಕ್ಟರ್ ಕೆಳಗಿಳಿದು ಬಂದು ಎರಡೇ ನಿಮಿಷ ನೋಡಿದ. ಹತ್ತಿಸಿಕೊಳ್ಳುವುದಿಲ್ಲ ಅಂದ. ಆಂಬುಲೆನ್ಸಿಗೆ ಹೇಳಿದ. ಟ್ರಂಕೂ ಡಬ್ಬಗಳೂ ಆಗಲೇ ಹಡಗಿನ ಹೊಟ್ಟೆ ಸೇರಿದ್ದವು. ಈಗ ತೆಗೆಯಲಾಗುವುದಿಲ್ಲ, ಏಳು ದಿನದ ನಂತರ ಬಂದರಿನ ಸಾಮಾನು ಕೊಠಡಿಯಲ್ಲಿ ಇರಿಸುತ್ತೇವೆ, ಚೀಟಿ ತೋರಿಸಿ ತೆಗೆದುಕೊಳ್ಳಿ ಅಂದರು.

ಐದು ಗಂಟೆಗೆ ಆಸ್ಪತ್ರೆಯ ಎರಡನೆಯ ಮಹಡಿಗೆ ಹಡಗಿನ ಕೂಗು ಕೇಳಿಸಿತು.

ಫೆಬ್ರವರಿ 25, ಮಂಗಳವಾರ

ಹೊಟ್ಟೆಯೊಳಗಿನ ಪೊರೆಗೆ ಸೋಂಕು. ಡಾಕ್ಟರಮ್ಮ ನನ್ನನ್ನು ಪಡಸಾಲೆಯಲ್ಲಿ ನಿಲ್ಲಿಸಿ ಕೇಳಿದರು. ಐವತ್ತರ ಹೆಂಗಸು, ದನಿ ಎತ್ತುವುದೇ ಇಲ್ಲ, ನಾನು ಬಗ್ಗಿ ಕೇಳಬೇಕು.

"ನೀರು ಮಸುಕಾಗಿದ್ದು ಯಾವಾಗಿಂದ?"

"ಬಂದರಿನಲ್ಲಿ ಚಳಿ ಬಂದಾಗಲೇ ಗೊತ್ತಾಗಿದ್ದು."

"ಬೆಳಗ್ಗೆ ನೋಡಿದ್ರಾ?"

"ತಿಳಿಯಾಗಿತ್ತು."

"ಯಾವುದಾದ್ರೂ ಚೀಲ ಸೋರಿತ್ತಾ? ಯೋಚಿಸಿ ಹೇಳಿ. ಚೀಲದಿಂದ ಬಂದಿದ್ರೆ ಒಂದು ಬಗೆಯ ಕ್ರಿಮಿ, ಕೈಯಿಂದ ಬಂದಿದ್ರೆ ಇನ್ನೊಂದು. ಮದ್ದು ಬೇರೆಬೇರೆ. ಲ್ಯಾಬಿನಿಂದ ಗೊತ್ತಾಗೋಕೆ ಮೂರು ನಾಲ್ಕು ದಿನ ಬೇಕು. ಅಲ್ಲೀವರೆಗೆ ನೀವು ಹೇಳೋದೇ ನಮಗೆ ದಾರಿ."

ಪಕ್ಕದಲ್ಲಿ ಭಾಮೈದ ನಿಂತಿದ್ದ. ಬೆಂಚಿನ ಮೇಲೆ ಬೇರೆ ರೋಗಿಗಳ ಕಡೆಯವರು ಆರೇಳು ಮಂದಿ, ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು. ನಾನು ಐದು ಮಾತನ್ನೂ ಹೇಳಿದೆ. ತಾರೀಖು, ಪ್ರಮಾಣ, ಅಳತೆ, ತಿಳಿ. ಪ್ರತಿ ಚೀಲವನ್ನೂ ಎರಡು ಅಂಗೈಯಲ್ಲಿ ಹಿಸುಕಿ ನೋಡಿದ್ದೇನೆ ಅಂದೆ. ಸೋರಿಕೆ ಇಲ್ಲ ಅಂದೆ.

ಡಾಕ್ಟರಮ್ಮ ತಲೆಯಾಡಿಸಿ ಬರೆದುಕೊಂಡರು. "ಇಷ್ಟು ನಿಯತ್ತಾಗಿ ನೋಡಿಕೊಳ್ಳೋರು ಕಡಿಮೆ" ಅಂದರು.

ಫೆಬ್ರವರಿ 26, ಬುಧವಾರ

ಜ್ವರ ಇಳಿದಿಲ್ಲ. ನೀರು ಹಾಗೇ ಇದೆ.

ಫೆಬ್ರವರಿ 27, ಗುರುವಾರ

ಮಧ್ಯಾಹ್ನ ಹದಿನೈದು ನಿಮಿಷ ಒಳಗೆ ಬಿಟ್ಟರು. ಇವಳಿಗೆ ಎಚ್ಚರವಿತ್ತು. ತುಟಿ ಒಡೆದಿತ್ತು. ಒದ್ದೆ ಹತ್ತಿ ಇಟ್ಟೆ.

"ಟ್ರಂಕು ಎಲ್ಲಿದೆ?"

"ಸಮುದ್ರದಲ್ಲಿದೆ."

"ಅದಾದ್ರೂ ನೋಡ್ಲಿ."

ಮತ್ತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದಳು. ಹೋಗೋಣವೆಂದು ಎದ್ದೆ. ನನ್ನ ತೋಳು ಹಿಡಿದಳು.

"ನಿನ್ನೆ ನರ್ಸ್ ಕೇಳಿದಳು. ಹೇಳಿಬಿಟ್ಟೆ. ದಾರೀಲಿ ಒಂದೆರಡು ಸಲ ಕೈ ತೊಳೀದೆ ಕೊಳವೆ ಮುಟ್ಟಿದೆ, ನಂದೇ ತಪ್ಪು ಅಂತ. ಬರ್ಕೊಂಡಳು. ಇನ್ನು ಯಾರೂ ನಿಮ್ಮನ್ನ ಏನೂ ಕೇಳಲ್ಲ."

ಎದ್ದವನು ಮತ್ತೆ ಕೂತೆ.

"ಆವತ್ತು ಸಂಜೆ ಚೀಲ ಒದ್ದೆಯಾಗಿತ್ತು ರೀ. ನನ್ನ ಕಣ್ಣಿಗೆ ಪೊರೆ, ಬೆರಳಿಗಲ್ಲ."

"ಹಾಗಾದ್ರೆ ಯಾಕೆ ಹಾಕಿಕೊಂಡೆ?" ಅಂದೆ. ನನಗೆ ಕೇಳಿಸಿದ ನನ್ನ ದನಿ ಯಾರದೋ ಇದ್ದಂತಿತ್ತು.

"ಅಷ್ಟು ಚೆನ್ನಾಗಿ ಹೇಳ್ತಾ ಇದ್ರಿ. ಅವರೆಲ್ಲ ನಿಂತು ನೋಡ್ತಾ ಇದ್ರು. ಒಂಬತ್ತು ವರ್ಷ ಆಗಿತ್ತು ನಿಮಗೆ ಚಪ್ಪಾಳೆ ಬಿದ್ದು. ನಡುವೆ ತಡೆದು, ಸೋರ್ತಿದೆ ಅನ್ನೋಕೆ..." ಉಸಿರು ಸಾಲದೆ ನಿಲ್ಲಿಸಿದಳು. ಆಮೇಲೆ, "ಒಂದು ಹನಿ ತಾನೇ ಅಂದ್ಕೊಂಡೆ. ಹಡಗು ತಪ್ಪಿ ಹೋಗುತ್ತಲ್ಲ ಅಂತಾನೂ ಅನ್ನಿಸ್ತು."

ಸಮಯವಾಯಿತು ಅಂತ ಹೊರಗೆ ಕಳಿಸಿದರು. ಹೊರಗೆ ಭಾಮೈದ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ. "ಅಕ್ಕ ಇಷ್ಟು ಅಶ್ರದ್ಧೆ ಮಾಡ್ತಾಳೆ ಅಂತ ಅಂದ್ಕೊಂಡಿರಲಿಲ್ಲ ಭಾವ. ಸೂಜಿ ಹಿಡಿಯೋಕೆ ಮುಂಚೆಯೂ ಕೈ ತೊಳೀತಿದ್ದೋಳು" ಅಂದ. ನಾನು ಅವನ ಬೆನ್ನು ಸವರಿದೆ. ಡಾಕ್ಟರಮ್ಮ ನಾಲ್ಕು ಗಂಟೆಗೆ ನಮ್ಮ ಮುಂದೆಯೇ ದಾಟಿ ಮೆಟ್ಟಿಲಿಳಿದು ಹೋದರು. ನಾನು ಎದ್ದು ನಿಂತೆ. ಅವರ ಚಪ್ಪಲಿಯ ಸದ್ದು ನಿಲ್ಲುವವರೆಗೂ ನಿಂತೇ ಇದ್ದೆ.

ಫೆಬ್ರವರಿ 28, ಶುಕ್ರವಾರ

ಬೆಳಗ್ಗೆ ಏಳಕ್ಕೆ ಇವಳಿಗೆ ಎಚ್ಚರ ತಪ್ಪಿತು. ರಕ್ತದೊತ್ತಡ ನಿಲ್ಲುತ್ತಿಲ್ಲ. ಒಳಗಿನ ಕೋಣೆಗೆ ಸಾಗಿಸಿದರು.

ಎಂಟಕ್ಕೆ ಡಾಕ್ಟರಮ್ಮ ಬಂದರು. ಮೆಟ್ಟಿಲಿನಲ್ಲೇ ನಿಲ್ಲಿಸಿದೆ. ಹೇಗೆ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ.

"ಚೀಲ ಸೋರಿತ್ತು. ನಾನು ಪಿನ್ನು ಹಾಕಿದ ಬಟ್ಟೆಯಲ್ಲಿ ಸುತ್ತಿದ್ದೆ. ಇಪ್ಪತ್ತೆರಡರ ಸಂಜೆ ಹಿಸುಕಿ ನೋಡಲಿಲ್ಲ. ಇಪ್ಪತ್ತನಾಲ್ಕರ ಬೆಳಗ್ಗೆಯೇ ನೀರು ಮಸುಕಾಗಿತ್ತು. ನಾನು ಹೇಳಲಿಲ್ಲ."

"ಸ್ವಲ್ಪ ಜೋರಾಗಿ ಹೇಳಿ. ಕೇಳಿಸ್ತಿಲ್ಲ" ಅಂದರು ಅವರು.

ಮತ್ತೊಂದು ಸಲ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಗಡಿಯಾರ ನೋಡಿದರು. ಓಡಲಿಲ್ಲವಾದರೂ ಓಡುವಷ್ಟೇ ಬೇಗ ಒಳಗೆ ಹೋದರು. ಗಾಜಿನ ಬಾಗಿಲಿನಿಂದ ನೋಡಿದೆ, ಸಲೈನಿನ ಪಕ್ಕ ತೂಗುತ್ತಿದ್ದ ಬಾಟಲಿಯನ್ನು ತೆಗೆದು ಬೇರೆಯದನ್ನು ಹಾಕಿಸಿದರು. ಹತ್ತು ನಿಮಿಷದ ಮೇಲೆ ಹೊರಗೆ ಬಂದು, "ಮದ್ದು ಬದಲಾಯಿಸಿದ್ದೀನಿ. ಮಂಗಳವಾರ ಗೊತ್ತಾಗಿದ್ರೆ ಚೆನ್ನಾಗಿತ್ತು" ಅಂದರು. ಅಷ್ಟೇ. ಬದುಕುತ್ತಾಳಾ ಅಂತ ಕೇಳಿದೆ. ನಾಳೆ ಬೆಳಗ್ಗೆವರೆಗೆ ಏನೂ ಹೇಳಲಾಗುವುದಿಲ್ಲ ಅಂದರು.

ಭಾಮೈದನಿಗೂ ಹೇಳಿದೆ. ಕಾರಿನಲ್ಲಿ ಕೂತು ಹೇಳಿದೆ, ನಾನು ಇವಳ ಸೀಟಿನಲ್ಲಿ. ಅವನು ಸ್ಟೀರಿಂಗ್ ಹಿಡಿದುಕೊಂಡೇ ಕೇಳಿದ. "ಇಳೀರಿ ಭಾವ" ಅಂದ. ಇಳಿದೆ. ಅವನು ಹೊರಟುಹೋದ. ಸಂಜೆ ಆರಕ್ಕೆ ವಾಪಸು ಬಂದ. ನನಗೆ ಊಟ ತಂದಿದ್ದ. ಬೆಂಚಿನ ಮೇಲಿಟ್ಟು, ಆ ಕಡೆಯ ಬೆಂಚಿಗೆ ಹೋಗಿ ಕೂತ. ಈಗಲೂ ಅಲ್ಲೇ ಇದ್ದಾನೆ.

ಇವಳ ಫೈಲು ಹೊರಗಿನ ಮೇಜಿನ ಮೇಲಿರುತ್ತದೆ. ನರ್ಸ್ ತೆರೆದಿಟ್ಟಿದ್ದಾಗ ಓದಿದೆ. ಬುಧವಾರದ ಪುಟದಲ್ಲಿ, ರೋಗಿ ಕೈಗಳ ಶುಚಿತ್ವ ಪಾಲಿಸಿಲ್ಲ, ಸ್ವತಃ ಒಪ್ಪಿಕೊಂಡಿದ್ದಾರೆ ಎಂದು ಬರೆದಿದೆ. ಅದು ಇನ್ನೂ ಹಾಗೇ ಇದೆ. ಇವತ್ತಿನ ಪುಟದಲ್ಲಿ ಮದ್ದು ಬದಲಾಗಿದ್ದು ಮಾತ್ರ ಇದೆ, ಯಾಕೆ ಅಂತ ಇಲ್ಲ. ಬುಧವಾರದ ಸಾಲು ಬರೆದ ನರ್ಸಿನ ಪಾಳಿ ಬೆಳಗ್ಗೆ ಏಳಕ್ಕೆ ಶುರು.

ನಾಳೆ ಬೆಳಗ್ಗೆ ಏಳಕ್ಕೆ ಮುಂಚೆಯೇ ಹೋಗಿ ಆ ಮೇಜಿನ ಮುಂದೆ ನಿಂತಿರುತ್ತೇನೆ. ಒಳಗಿನ ಕೋಣೆಯಿಂದ ಯಾವ ಸುದ್ದಿ ಬಂದಿರಲಿ, ಮೊದಲು ಬುಧವಾರದ ಆ ಸಾಲಿನ ಮೇಲೆ ಗೀಟು ಹಾಕಿಸುತ್ತೇನೆ. ಅದರ ಕೆಳಗೆ, ಇವಳ ಕೈ ಶುಚಿಯಾಗಿತ್ತು ಎಂದು ಬರೆಸಿ, ನಾನು ಸಹಿ ಹಾಕುತ್ತೇನೆ.